ಮೂರು ಸಾಕ್ಷಿ ಸಿಕ್ಕರೆ ಸಾಕೆ? ಗ್ರೂಪ್ ಫೋಟೋಗೆ ಜನ ಬೇಕಲ್ಲ!

ಮದುವೆ ಛತ್ರದಲ್ಲಿ ನೂಕುನುಗ್ಗಲು ಎಲ್ಲಿ ಜಾಸ್ತಿ? ಊಟದ ಹಾಲಿನಲ್ಲಿ ಅನ್ನುವವರು ಒಮ್ಮೆ ಸ್ಟೇಜಿನ ಕಡೆ ನೋಡಬೇಕು. ‘ಗಂಡಿನ ಕಡೆಯವರು ಬನ್ರೀ, ಆಮೇಲೆ ಹೆಣ್ಣಿನ ಕಡೆಯವರು’ ಅಂತ ಫೋಟೋಗ್ರಾಫರ್ ಕೂಗುತ್ತಾನೆ. ಅಜ್ಜಿಗೆ ಕುರ್ಚಿ, ಮಕ್ಕಳು ನೆಲಕ್ಕೆ, ಸೋದರಮಾವ ನಡುವೆ. ಮುನಿಸಿಕೊಂಡು ಮೂಲೆ ಸೇರಿದ ಚಿಕ್ಕಪ್ಪನನ್ನೂ ಕೈಹಿಡಿದು ಎಳೆತರುತ್ತಾರೆ. ಆ ಒಂದು ಗ್ರೂಪ್ ಫೋಟೋ ಮುಂದೆ ನಲವತ್ತು ವರ್ಷ ಗೋಡೆ ಮೇಲೆ ಕೂತು, ಈ ಗಂಡ-ಹೆಂಡತಿಗೆ ಹಿಂದೆ ಮುಂದೆ ಜನ ಇದ್ದಾರೆ ಅಂತ ಸಾರುತ್ತಿರುತ್ತದೆ.

ಎರಡೂ ಕಡೆಯವರು ಬಾರದೇ ಹೋದರೆ? ಹುಡುಗನದು ಒಂದು ಜಾತಿ, ಹುಡುಗಿಯದು ಇನ್ನೊಂದು. ಅಥವಾ ಒಬ್ಬರದು ಮಸೀದಿ, ಒಬ್ಬರದು ದೇವಸ್ಥಾನ. ಅಥವಾ ಅವಳು ಬಂಗಾಳದವಳು, ಇವನು ಹಾಸನದವನು. ಕಾನೂನು ಇವರನ್ನು ಗಂಡ-ಹೆಂಡತಿ ಅಂತ ಒಪ್ಪುತ್ತದೆ. ಅವರ ಪಕ್ಕ ನಿಲ್ಲುವವರು ಯಾರು? ಇವತ್ತಿನ ಮಾತು ಅದರದ್ದೇ.

ಬೋರ್ಡಿಗೆ ಬೀಳುವ ಹೆಸರು

ಮತ ಬದಲಿಸದೆ ಬೇರೆ ಧರ್ಮದವರನ್ನು ಮದುವೆಯಾಗಲು ನಮ್ಮ ದೇಶದಲ್ಲಿರುವ ಮುಖ್ಯ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು. ಮೊದಲು ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸುತ್ತಾರೆ. ಆಮೇಲೆ 30 ದಿನ ಕಾಯಬೇಕು. ಯಾರೂ ಆಕ್ಷೇಪಣೆ ಹಾಕದಿದ್ದರೆ ಮೂವರು ಸಾಕ್ಷಿಗಳ ಜತೆ ಸಹಿ. ನೋಟಿಸು ಕೊಟ್ಟ 3 ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ ಶುರು.

ಆ ಬೋರ್ಡನ್ನು ಓದುವವರು ಯಾರು ಹೇಳಿ? ಮದುವೆಗೆ ಬಂದು ಅಕ್ಷತೆ ಹಾಕಬೇಕಾದವರು ಓದುವುದಿಲ್ಲ. ಮದುವೆ ಮುರಿಯಬೇಕು ಅಂತ ಹೊರಟವರು ದಿನಾ ಬಂದು ಓದುತ್ತಾರೆ. ಹೆಸರು, ವಿಳಾಸ, ಎಷ್ಟೋ ಕಡೆ ಫೋಟೋ ಸಮೇತ ಅಲ್ಲಿರುತ್ತದೆ. ಅದನ್ನೇ ಮೊಬೈಲಿನಲ್ಲಿ ತೆಗೆದು ಊರೆಲ್ಲ ಹಂಚಿದರೆ ಆ ಮಕ್ಕಳ ಗತಿ ಏನು? ಇಂಥ ದುರುಪಯೋಗದ ದೂರು ಬಂದ ಮೇಲೆ 2020ರಲ್ಲಿ ಕೇರಳ ಸರ್ಕಾರ ಈ ನೋಟಿಸುಗಳನ್ನು ವೆಬ್‌ಸೈಟಿಗೆ ಹಾಕುವುದನ್ನು ನಿಲ್ಲಿಸಿತು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು, ನೋಟಿಸು ಪ್ರಕಟಿಸಬೇಕೋ ಬೇಡವೋ ಅನ್ನುವುದು ಮದುವೆಯಾಗುವ ಜೋಡಿಯ ಇಷ್ಟ ಅಂತ ತೀರ್ಪು ಕೊಟ್ಟಿತು.

ಇನ್ನೊಂದು ಮಾತು ಎಲ್ಲರಿಗೂ ಗೊತ್ತಿರಲಿ. ಆಕ್ಷೇಪಣೆ ಹಾಕುವುದಕ್ಕೆ ಕಾನೂನಿನಲ್ಲಿ ಕಾರಣಗಳ ಪಟ್ಟಿಯೇ ಇದೆ. ವಯಸ್ಸು ಸಾಲದು, ಮೊದಲ ಹೆಂಡತಿ ಅಥವಾ ಗಂಡ ಬದುಕಿದ್ದಾರೆ, ಮದುವೆಯಾಗಬಾರದ ರಕ್ತಸಂಬಂಧ, ಒಪ್ಪಿಗೆ ಕೊಡುವಷ್ಟು ಬುದ್ಧಿ ಸ್ವಾಧೀನವಿಲ್ಲ - ಇಂಥವು. ‘ಜಾತಿ ಬೇರೆ, ಧರ್ಮ ಬೇರೆ, ನಮಗಿಷ್ಟವಿಲ್ಲ’ ಅನ್ನುವುದು ಆ ಪಟ್ಟಿಯಲ್ಲಿಲ್ಲ.

ಇಬ್ಬರೂ ಹಿಂದೂಗಳಾಗಿ ಜಾತಿ ಮಾತ್ರ ಬೇರೆಯಾದರೆ 1955ರ ಹಿಂದೂ ವಿವಾಹ ಕಾಯ್ದೆ ಸಾಕು. ಅಲ್ಲಿ ನೋಟಿಸಿನ ಗೋಜಿಲ್ಲ. ನೆಂಟರ ಗೋಜು ಮಾತ್ರ ಇದ್ದೇ ಇದೆ. 2011-12ರಲ್ಲಿ ನಡೆದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಜಾತಿ ಮೀರಿದ ಮದುವೆ ನೂರಕ್ಕೆ ಐದರಷ್ಟು ಮಾತ್ರ.

ಕೋರ್ಟು ಕೊಡಲಾಗದ್ದು

ಸುಪ್ರೀಂ ಕೋರ್ಟು ಸುಮ್ಮನೆ ಕೂತಿಲ್ಲ. ವಯಸ್ಸಿಗೆ ಬಂದವರು ತಮಗಿಷ್ಟ ಬಂದವರನ್ನು ಮದುವೆಯಾಗಬಹುದು, ಬೆದರಿಸಿದವರ ಮೇಲೆ ಪೊಲೀಸರು ಕ್ರಮ ಕೈಗೊಳ್ಳಬೇಕು ಅಂತ 2006ರಲ್ಲೇ ಲತಾ ಸಿಂಗ್ ಕೇಸಿನಲ್ಲಿ ಹೇಳಿತು. 2018ರ ಮಾರ್ಚಿನಲ್ಲಿ ಶಕ್ತಿವಾಹಿನಿ ಕೇಸಿನಲ್ಲಿ ಇನ್ನೂ ಮುಂದೆ ಹೋಗಿ, ಜಿಲ್ಲೆಗೊಂದು ವಿಶೇಷ ಘಟಕ ಇರಲಿ, ಜೋಡಿಗಳಿಗೆ ಸುರಕ್ಷಿತ ವಸತಿ ಬೇಕು ಅಂತ ಸೂಚಿಸಿತು. ಪರಿಶಿಷ್ಟ ಜಾತಿಯವರನ್ನು ಬೇರೆ ಜಾತಿಯವರು ಮದುವೆಯಾದರೆ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಿಂದ ಪ್ರೋತ್ಸಾಹಧನವೂ ಉಂಟು.

ಎಲ್ಲ ಸರಿ. ಆದರೆ ಕೋರ್ಟು ಪೊಲೀಸರನ್ನು ಕೊಡಬಹುದು, ಇಲಾಖೆ ದುಡ್ಡು ಕೊಡಬಹುದು. ಯುಗಾದಿ ದಿನ ಮನೆಗೆ ಬಂದು ಒಬ್ಬಟ್ಟು ತಿಂದು ಹೋಗುವ ನೆಂಟರನ್ನು ಯಾರೂ ಕೊಡಲಾರರು. ಬಾಡಿಗೆ ಮನೆ ಕೇಳಲು ಹೋದರೆ ‘ನಿಮ್ಮ ಪೈಕಿ ಯಾರಿದಾರೆ ಈ ಊರಲ್ಲಿ?’ ಅನ್ನುತ್ತಾರೆ. ಆಸ್ಪತ್ರೆಗೆ ಸೇರಿಸಿದರೆ ಹತ್ತಿರದ ಬಂಧು ಯಾರು ಅಂತ ಬರೆಸುತ್ತಾರೆ. ಬಸುರಿ ಹೆಂಡತಿಗೆ ಬಯಕೆ ಊಟ ಹಾಕುವವರಿಲ್ಲ.

ಜಗಳವೂ ಎಂಥದ್ದು? ಅವಳಿಗೆ ಸಾಸಿವೆ ಎಣ್ಣೆ ಇಲ್ಲದೆ ಮೀನು ರುಚಿಸದು, ಇವನಿಗೆ ಮುದ್ದೆ ಇಲ್ಲದೆ ಹೊಟ್ಟೆ ತುಂಬದು. ಮಗುವಿಗೆ ಯಾವ ಹೆಸರು, ಯಾವ ಭಾಷೆ? ಎಲ್ಲ ಸಂಸಾರದಲ್ಲೂ ಇಂಥದ್ದು ಇದ್ದದ್ದೇ. ಆದರೆ ಬೇರೆಯವರಿಗೆ ಕೇಳಲು ಒಬ್ಬ ಅತ್ತೆಯೋ ದೊಡ್ಡಮ್ಮನೋ ಇರುತ್ತಾರೆ. ಇವರು ಯಾರನ್ನು ಕೇಳಬೇಕು? ಮನೆಯವರನ್ನು ಕೇಳಿದರೆ ‘ನಾವು ಆವತ್ತೇ ಹೇಳಿದ್ವಿ’ ಅನ್ನುತ್ತಾರೆ. ಅದಕ್ಕೇ ಕೇಳುವುದಿಲ್ಲ. ಜಗಳ ಚಿಕ್ಕದಾದರೂ ಒಳಗೇ ಬೆಳೆಯುತ್ತದೆ.

ತಾವೇ ನೆಂಟರಾದವರು

ಇದಕ್ಕೆ ಕೆಲವರು ದಾರಿ ಹುಡುಕಿದ್ದಾರೆ. ದೆಹಲಿಯಲ್ಲಿ ‘ಧನಕ್’ ಅನ್ನುವ ಸಂಸ್ಥೆ ಇದೆ. ಧನಕ್ ಅಂದರೆ ಕಾಮನಬಿಲ್ಲು. ಕಟ್ಟಿದವರು ಆಸಿಫ್ ಇಕ್ಬಾಲ್ ಮತ್ತು ರಾನು ಕುಲಶ್ರೇಷ್ಠ, ತಾವೇ ಧರ್ಮ ಮೀರಿ ಮದುವೆಯಾದ ಗಂಡ-ಹೆಂಡತಿ. ತಮ್ಮಂಥ ನಾಲ್ಕಾರು ಜೋಡಿ ಸೇರಿ ಮಾತಾಡಿಕೊಳ್ಳುವುದರಿಂದ ಶುರುವಾದದ್ದು, ಇವತ್ತು ಕಾನೂನಿನ ಸಲಹೆ, ಅಧಿಕಾರಿಗಳ ಬಳಿ ಓಡಾಟ, ಎಲ್ಲರೂ ಮಕ್ಕಳು ಮರಿ ಸಮೇತ ಸೇರುವ ಕೂಟ ಎಲ್ಲವನ್ನೂ ಮಾಡುತ್ತದೆ. ಹಳೆಯ ಜೋಡಿ ಹೊಸ ಜೋಡಿಗೆ ಅಣ್ಣ-ಅತ್ತಿಗೆ ಇದ್ದ ಹಾಗೆ.

ಇನ್ನೊಂದು ಪ್ರಯತ್ನ ಫೋಟೋದಿಂದಲೇ ಹುಟ್ಟಿದ್ದು. 2020ರ ಅಕ್ಟೋಬರಿನಲ್ಲಿ ಒಂದು ಆಭರಣ ಕಂಪನಿಯ ಜಾಹೀರಾತು ಬಂತು. ಮುಸ್ಲಿಂ ಅತ್ತೆ ಹಿಂದೂ ಸೊಸೆಗೆ ಸೀಮಂತ ಮಾಡುವ ದೃಶ್ಯ. ಗಲಾಟೆ ಎದ್ದು ಕಂಪನಿ ಅದನ್ನು ವಾಪಸ್ ತೆಗೆದುಕೊಂಡಿತು. ಅದೇ ತಿಂಗಳು ಪ್ರಿಯಾ ರಮಣಿ, ಸಮರ್ ಹಳರ್ನ್‌ಕರ್, ನಿಲೂಫರ್ ವೆಂಕಟರಾಮನ್ ಅನ್ನುವ ಮೂವರು ‘ಇಂಡಿಯಾ ಲವ್ ಪ್ರಾಜೆಕ್ಟ್’ ಅಂತ ಇನ್‌ಸ್ಟಾಗ್ರಾಂನಲ್ಲಿ ಶುರು ಮಾಡಿದರು. ಜಾತಿ, ಧರ್ಮ, ಭಾಷೆ ಮೀರಿ ಮದುವೆಯಾದವರು ತಮ್ಮ ಮನೆಯ ಹಳೆ ಆಲ್ಬಮ್ಮಿನಿಂದ ಒಂದು ಫೋಟೋ ತೆಗೆದು, ಜತೆಗೆ ನಾಲ್ಕು ಮಾತು ಬರೆದು ಕಳಿಸುವುದು. ಮೊದಲು ಬಂದದ್ದು ನಿಲೂಫರ್ ಅವರ ತಂದೆ-ತಾಯಿ ಕಥೆಯೇ. ತಾಯಿ ಪಾರ್ಸಿ, ತಂದೆ ಹಿಂದೂ. ಜಾಹೀರಾತಿನ ಸೀಮಂತ ಸುಳ್ಳು ಅಂದವರಿಗೆ ನಿಜವಾದ ಸಂಸಾರಗಳು ಉತ್ತರ ಕೊಟ್ಟವು.

ಅಮೆರಿಕದ ಒಂದು ಮಲಗುವ ಕೋಣೆ

‘ಫೋಟೋದಿಂದ ಏನಾಗುತ್ತೆ ಸ್ವಾಮಿ?’ ಅನ್ನುವವರಿಗೆ ದೂರದ ಒಂದು ನಿಜ ಸಂಗತಿ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ರಿಚರ್ಡ್ ಲವಿಂಗ್ ಅನ್ನುವ ಬಿಳಿಯ ಗಾರೆ ಕೆಲಸದವನಿದ್ದ. 1958ರ ಜೂನಿನಲ್ಲಿ ವಾಷಿಂಗ್ಟನ್ನಿಗೆ ಹೋಗಿ ಮಿಲ್ಡ್ರೆಡ್ ಅನ್ನುವ ಕಪ್ಪು ಮತ್ತು ಮೂಲನಿವಾಸಿ ವಂಶದ ಹುಡುಗಿಯನ್ನು ಮದುವೆಯಾದ. ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗುವುದು ವರ್ಜೀನಿಯಾದಲ್ಲಿ ಅಪರಾಧ. ಜುಲೈ ತಿಂಗಳ ಒಂದು ರಾತ್ರಿ ಪೊಲೀಸರು ಮಲಗುವ ಕೋಣೆಗೇ ನುಗ್ಗಿದರು. ಗೋಡೆ ಮೇಲೆ ತೂಗುಹಾಕಿದ್ದ ಮದುವೆ ಸರ್ಟಿಫಿಕೇಟನ್ನು ಅವರು ತೋರಿಸಿದರೂ ಅದು ಇಲ್ಲಿ ನಡೆಯುವುದಿಲ್ಲ ಅಂದುಬಿಟ್ಟರು. 1 ವರ್ಷ ಜೈಲು, ಅದು ಬೇಡವೆಂದರೆ 25 ವರ್ಷ ಒಟ್ಟಿಗೆ ರಾಜ್ಯಕ್ಕೆ ಕಾಲಿಡಬಾರದು ಅಂತ ಶಿಕ್ಷೆ. ಗಂಡ-ಹೆಂಡತಿ ಊರು ಬಿಟ್ಟರು.

ಅವರ ಕೇಸು ಕೋರ್ಟಿನಲ್ಲಿರುವಾಗ, 1965ರಲ್ಲಿ, ‘ಲೈಫ್’ ಪತ್ರಿಕೆಯ ಫೋಟೋಗ್ರಾಫರ್ ಗ್ರೇ ವಿಲೆಟ್ ಅವರ ಮನೆಗೆ ಹೋದ. ಈತ ದಕ್ಷಿಣ ಆಫ್ರಿಕಾದವನು. ಅಲ್ಲಿ 1949ರಿಂದ 1985ರವರೆಗೆ ಇಂಥ ಮದುವೆಗೆ ಕಾನೂನಿನಲ್ಲೇ ನಿಷೇಧ. ಆತ ತೆಗೆದದ್ದು ಧರಣಿಯ ಫೋಟೋ ಅಲ್ಲ, ಕೋರ್ಟಿನ ಫೋಟೋ ಅಲ್ಲ. ಆಡುವ ಮಕ್ಕಳು, ಮನೆಗೆಲಸ, ಟಿವಿ ನೋಡುತ್ತ ಹೆಂಡತಿಯ ತೊಡೆ ಮೇಲೆ ತಲೆಯಿಟ್ಟು ನಗುತ್ತಿರುವ ಗಂಡ. ನೋಡಿದವರಿಗೆ ಕಂಡದ್ದು ಒಂದು ಸಂಸಾರ, ಅಷ್ಟೆ. 1966ರ ಮಾರ್ಚಿನಲ್ಲಿ ಆ ಚಿತ್ರಗಳು ಅಚ್ಚಾದವು. 1967ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಇಂಥ ಕಾನೂನುಗಳನ್ನೆಲ್ಲ ರದ್ದು ಮಾಡಿತು. ಆವಾಗ 16 ರಾಜ್ಯಗಳಲ್ಲಿ ಅವು ಜಾರಿಯಲ್ಲಿದ್ದವು. ತೀರ್ಪು ಕೊಟ್ಟದ್ದು ಕಾನೂನು, ಫೋಟೋ ಅಲ್ಲ. ಆದರೆ ಕೇಸಿನ ನಂಬರಾಗಿದ್ದವರು ಜನರ ಕಣ್ಣಿಗೆ ಅಕ್ಕಪಕ್ಕದ ಮನೆಯವರಾಗಿ ಕಂಡದ್ದು ಆ ಫೋಟೋದಲ್ಲಿ.

2004ರಿಂದ ಅಲ್ಲಿ ಜೂನ್ 12ನ್ನು ‘ಲವಿಂಗ್ ಡೇ’ ಅಂತ ಆಚರಿಸುತ್ತಾರೆ. ಬೇರೆ ಬೇರೆ ಜನಾಂಗದ ಜೋಡಿಗಳು ಮಕ್ಕಳನ್ನು ಕರೆದುಕೊಂಡು ಬಂದು ಸೇರುತ್ತಾರೆ. ಶುರು ಮಾಡಿದ ಕೆನ್ ತನಾಬೆಗೆ ಅದು ಮೊದಲು ಕಾಲೇಜಿನ ಒಂದು ಪ್ರಾಜೆಕ್ಟು.

ಕೈಗೊಂದು ಕೆಲಸ, ಬಾಯಿಗೆ ಬಿಡುವು

ಇನ್ನು ನಮ್ಮೂರಿನ ವಿಷಯಕ್ಕೆ ಬರೋಣ. ‘ಅಂತರ್ಜಾತಿ ವಿವಾಹಿತರ ಸಭೆ’ ಅಂತ ಬ್ಯಾನರ್ ಕಟ್ಟಿ ಕರೆದರೆ ಯಾರು ಬರುತ್ತಾರೆ? ಮೈಕಿನ ಮುಂದೆ ನಿಂತು ತಮ್ಮ ಕಥೆ ಹೇಳು ಅಂದರೆ ಗಂಟಲು ಕಟ್ಟುತ್ತದೆ. ಆದರೆ ‘ಭಾನುವಾರ ಬೆಳಿಗ್ಗೆ ಸಂತೆಗೆ ಹೋಗಿ ಫೋಟೋ ತೆಗೆಯೋದು ಕಲಿಯೋಣ’ ಅಂದರೆ ಬರುತ್ತಾರೆ. ಕೈಗೆ ಕೆಲಸ ಇದ್ದರೆ ಬಾಯಿಗೆ ಬಿಡುವು ಸಿಗುತ್ತದೆ. ಬಾಯಿಗೆ ಬಿಡುವು ಸಿಕ್ಕಾಗ ನಿಜವಾದ ಮಾತು ತಾನಾಗಿ ಹೊರಡುತ್ತದೆ.

ಫೋಟೋ ಕಲಿಯುವ ಕೂಟ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಕೂಟ ನಡೆಯುವ ರೀತಿ ಬಹಳ ಸರಳ. ಹತ್ತು-ಹದಿನೈದು ಜನ ಬೆಳಕು ಎಳೆಯದಾಗಿರುವಾಗ ಹೊರಡುವುದು. ಬೆಳಕು ಎಲ್ಲಿಂದ ಬೀಳುತ್ತಿದೆ, ಶಟರ್ ಅಂದರೇನು, ಮುಖಕ್ಕೆ ಎಷ್ಟು ಹತ್ತಿರ ಹೋಗಬೇಕು ಅಂತ ತಿಳಿದವರು ಹೇಳಿಕೊಡುವುದು. ಆಮೇಲೆ ಒಂದು ಕಡೆ ಕೂತು ಕಾಫಿ ಕುಡಿಯುತ್ತ ಒಬ್ಬರ ಫೋಟೋ ಒಬ್ಬರು ನೋಡುವುದು. ಮೊಬೈಲೇ ಸಾಕು, ದುಬಾರಿ ಕ್ಯಾಮೆರಾ ಬೇಕಿಲ್ಲ. ಗಂಡ ಹೆಂಡತಿಯ ಫೋಟೋ ತೆಗೆಯುತ್ತಾನೆ, ಹೆಂಡತಿ ಇನ್ನೊಬ್ಬರ ಮಗುವಿನ ಫೋಟೋ ತೆಗೆಯುತ್ತಾಳೆ. ನಾಲ್ಕು ಭಾನುವಾರ ಕಳೆದರೆ ಬಾಡಿಗೆ ಮನೆ ಎಲ್ಲಿ ಖಾಲಿ ಇದೆ, ಯಾವ ಡಾಕ್ಟರು ಒಳ್ಳೆಯವರು ಅನ್ನುವ ಮಾತು ಬರುತ್ತದೆ. ಎಂಟು ಭಾನುವಾರ ಕಳೆದರೆ ‘ಹಬ್ಬಕ್ಕೆ ಮನೆಗೆ ಬನ್ನಿ’ ಅನ್ನುತ್ತಾರೆ. ನೆಂಟಸ್ತಿಕೆ ಅಂದರೆ ಇನ್ನೇನು?

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಬೋರ್ಡಿನ ಮೇಲಿನ ಫೋಟೋ ಕುತ್ತಿಗೆಗೆ ಬರುವ ಹಾಗೆ ಕೂಟದ ಫೋಟೋನೂ ಬರಬಹುದು. ಮನೆಯವರಿಗೆ ಹೆದರಿ ವಿಳಾಸ ಮುಚ್ಚಿಟ್ಟುಕೊಂಡು ಬದುಕುತ್ತಿರುವ ಜೋಡಿಯ ಚಿತ್ರ ಯಾರೋ ಒಬ್ಬರ ಸ್ಟೇಟಸ್ಸಿನಲ್ಲಿ ಕಂಡರೆ ಮುಗಿಯಿತು. ಅದಕ್ಕೇ ಮೊದಲ ದಿನವೇ ಕಟ್ಟುಪಾಡು ಆಗಬೇಕು. ಕೇಳದೆ ಯಾರ ಮುಖವನ್ನೂ ತೆಗೆಯುವಂತಿಲ್ಲ. ಕೇಳಿ ತೆಗೆದದ್ದನ್ನೂ ಕೇಳದೆ ಯಾರಿಗೂ ಕಳಿಸುವಂತಿಲ್ಲ. ಊರು, ಬೀದಿ ಗೊತ್ತಾಗುವ ಬೋರ್ಡು ಹಿಂದೆ ಕಾಣುವಂತಿಲ್ಲ. ಬೆದರಿಕೆ ಇರುವವರಿಗೆ ಮೊದಲು ವಕೀಲರು, ಪೊಲೀಸರು, ಕ್ಯಾಮೆರಾ ಆಮೇಲೆ.

ನಮ್ಮೂರಲ್ಲಿ ಯಾಕಾಗಬಾರದು?

ಜಾತಿ ಮೀರಿದ ಮದುವೆ ದೊಡ್ಡ ಊರಿನ ಫ್ಯಾಷನ್ ಅನ್ನುವವರಿದ್ದಾರೆ. ಯು.ಆರ್. ಅನಂತಮೂರ್ತಿಯವರು ಕ್ರೈಸ್ತರಾದ ಎಸ್ತರ್ ಅವರನ್ನು ಮದುವೆಯಾದದ್ದು 1956ರಲ್ಲಿ. ಪುರೋಹಿತರಿಲ್ಲದ, ಆಡಂಬರವಿಲ್ಲದ ಮಂತ್ರ ಮಾಂಗಲ್ಯವನ್ನು ಕುವೆಂಪು ರೂಪಿಸಿ, ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೇ ಮಾಡಿದ್ದು 1966ರಲ್ಲಿ. ಆ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿ ಹಿಂದೆ ಅಲೆದದ್ದು ಎಲ್ಲರಿಗೂ ಗೊತ್ತು. ಅಂದಮೇಲೆ ಎರಡೂ ನಮ್ಮ ನೆಲದಲ್ಲಿ ಬೇರು ಬಿಟ್ಟ ವಿಷಯಗಳೇ.

ಪ್ರತಿ ವರ್ಷ ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನ. ತಾಲ್ಲೂಕು ತಾಲ್ಲೂಕಿನಲ್ಲೂ ಛಾಯಾಗ್ರಾಹಕರ ಸಂಘದವರು ಸೇರಿ ಹಿರಿಯರಿಗೆ ಶಾಲು ಹೊದಿಸುತ್ತಾರೆ. ಒಳ್ಳೆಯದೇ. ಎಲ್ಲರ ಕೈಗೂ ಮೊಬೈಲು ಬಂದು ಪಾಸ್‌ಪೋರ್ಟ್ ಸೈಜು ಫೋಟೋದ ವ್ಯಾಪಾರವೂ ಇಳಿದಿರುವ ಈ ಕಾಲದಲ್ಲಿ, ಸ್ಟುಡಿಯೋದವರ ಹತ್ತಿರ ಉಳಿದಿರುವ ದೊಡ್ಡ ಆಸ್ತಿ ಅವರ ವಿದ್ಯೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಅದನ್ನು ಹಂಚಲಿ. ಎಲ್ಲರಿಗೂ ಬಾಗಿಲು ತೆರೆದಿರಲಿ, ಒಬ್ಬರೇ ಆಗಿಹೋದ ಜೋಡಿಗಳಿಗೆ ಒಂದು ಮಾತು ಹೆಚ್ಚಾಗಿ ಹೇಳಿ ಕಳಿಸಲಿ. ಜಾಗಕ್ಕೆ ಲೈಬ್ರರಿ ಕಟ್ಟೆ ಸಾಕು, ಶಾಲೆ ಜಗಲಿ ಸಾಕು.

ಅಂಗಡಿಯವರಿಗೂ ಒಂದು ಮಾತು. ಆ ಮೂರು ಸಾಕ್ಷಿ ಸಿಗದೆ ಎಷ್ಟೋ ಮಕ್ಕಳು ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಸಾಕ್ಷಿ ನಿಲ್ಲುವುದು ಸಾಲಕ್ಕೆ ಜಾಮೀನು ನಿಂತ ಹಾಗಲ್ಲ. ಬಡ್ಡಿ ಇಲ್ಲ, ಜಪ್ತಿ ಇಲ್ಲ. ಗುರುತು ಪರಿಚಯದ, ವಯಸ್ಸಿಗೆ ಬಂದ, ಒಪ್ಪಿ ಬಂದ ಜೋಡಿಯಾದರೆ ಆಧಾರ್ ಕಾರ್ಡು ಜೇಬಿಗೆ ಹಾಕಿಕೊಂಡು ಅರ್ಧ ದಿನ ಗಲ್ಲಾಪೆಟ್ಟಿಗೆಯನ್ನು ತಮ್ಮನಿಗೆ ಒಪ್ಪಿಸಿ ಬನ್ನಿ. ಸಹಿ ಹಾಕಿದ ಮೇಲೆ ಹೊರಗೆ ನಿಂತು ಒಂದು ಫೋಟೋನೂ ತೆಗೆಸಿಕೊಳ್ಳಿ. ಆ ಮಕ್ಕಳಿಗೆ ಈ ಊರಲ್ಲಿ ಸಿಗುವ ಮೊದಲ ನೆಂಟರು ನೀವೇ ಆಗಿರುತ್ತೀರಿ.