ತಗಡಿನ ಕಾರ್ಖಾನೆಯಿಂದ ಹೆವಿ ಮೆಟಲ್‌ವರೆಗೆ

ಹೆವಿ ಮೆಟಲ್ ಅಂದರೆ ಕಿರುಚಾಟ, ಉದ್ದ ಕೂದಲು, ಕಪ್ಪು ಟೀ ಶರ್ಟು ಎಂದುಕೊಂಡವರೇ ಹೆಚ್ಚು. ಆದರೆ ಅದರ ಮೂಲ ಹುಡುಕಿದರೆ ಸಿಗುವುದು ಕಾರ್ಖಾನೆ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಪ್ರೆಸ್ ಮಷಿನ್ ಮುಂದೆ ನಿಂತವನು ನಾನು. ಅದಕ್ಕೇ ಇರಬೇಕು, ‘ಬ್ಲ್ಯಾಕ್ ಸಬ್ಬತ್’ ತಂಡದ ಹಾಡಿಗಿಂತ ಮೊದಲು ಅವರ ಕಥೆಯೇ ನನಗೆ ನಾಟಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ಆಸ್ಟನ್ ಎಂಬ ಕಡೆಯ ಹುಡುಗರು ಟೋನಿ ಅಯೋಮಿ, ಆಜಿ ಆಸ್ಬರ್ನ್, ಗೀಜರ್ ಬಟ್ಲರ್, ಬಿಲ್ ವಾರ್ಡ್. ಆಜಿ ಹದಿನೈದಕ್ಕೇ ಶಾಲೆ ಬಿಟ್ಟು ಕಸಾಯಿಖಾನೆಯಲ್ಲೂ ದುಡಿದವನು. ಟೋನಿ ತಗಡಿನ ಕಾರ್ಖಾನೆಯಲ್ಲಿ ವೆಲ್ಡರ್. ಗಿಟಾರ್ ನಂಬಿ 17ನೇ ವಯಸ್ಸಿಗೆ ಕೆಲಸ ಬಿಟ್ಟ. ಕೊನೆಯ ದಿನ ಪ್ರೆಸ್ ನಡೆಸುವವರು ಬಂದಿರಲಿಲ್ಲ. ಅಭ್ಯಾಸವಿಲ್ಲದ ಆ ಯಂತ್ರಕ್ಕೆ ಅವನನ್ನು ನಿಲ್ಲಿಸಿದರು. ಬಲಗೈಯ ಎರಡು ಬೆರಳುಗಳ ತುದಿ ತುಂಡಾಯಿತು. ಎಡಗೈಯಲ್ಲಿ ಮೀಟುವ ಅವನಿಗೆ ತಂತಿ ಒತ್ತಲು ಬೇಕಿದ್ದುದು ಆ ಬೆರಳುಗಳೇ.

ಕಾರ್ಖಾನೆಯ ಮೇಲ್ವಿಚಾರಕರು ಒಂದು ರೆಕಾರ್ಡ್ ತಂದುಕೊಟ್ಟರು. ನುಡಿಸಿದ್ದವನು ಜಾಂಗೊ ರೈನ್‌ಹಾರ್ಟ್, ಬೆಂಕಿ ಅವಘಡದಲ್ಲಿ ಎರಡು ಬೆರಳು ಸ್ವಾಧೀನ ತಪ್ಪಿದ್ದ ಗಿಟಾರ್ ವಾದಕ. ಟೋನಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ನೋವಾಗದಂತೆ ತೆಳುವಾದ ತಂತಿ ಹಾಕಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದ. ಹೆವಿ ಮೆಟಲ್‌ನ ಆ ಭಾರದ ದನಿಯಲ್ಲಿ ಈ ಹೊಂದಾಣಿಕೆಗಳ ಪಾಲು ದೊಡ್ಡದು.

1968ರಲ್ಲಿ ನಾಲ್ವರೂ ಒಂದಾದರು. ‘ಅರ್ತ್’ ಎಂಬ ಹೆಸರು ಬೇರೆ ತಂಡಕ್ಕೂ ಇದ್ದುದರಿಂದ, ಒಂದು ಭಯಾನಕ ಸಿನಿಮಾದ ಹೆಸರನ್ನೇ ಇಟ್ಟುಕೊಂಡರು. ಹೆಚ್ಚುಕಡಿಮೆ ಒಂದೇ ದಿನದಲ್ಲಿ ಧ್ವನಿಮುದ್ರಿಸಿದ ಮೊದಲ ಆಲ್ಬಂ 1970ರ ಫೆಬ್ರುವರಿ 13ರಂದು ಬಂತು. ವಿಮರ್ಶಕರು ಹಳಿದರು, ಕೇಳುಗರು ಕೊಂಡರು. ಅದೇ ವರ್ಷ ಬಂದ ‘ಪ್ಯಾರನಾಯ್ಡ್’ ಆಲ್ಬಂನಲ್ಲಿ ಜಾಗ ತುಂಬಲು ಅವಸರದಲ್ಲಿ ಕಟ್ಟಿದ ಹಾಡೇ ಅದರ ಹೆಸರಾಯಿತು, ಬ್ರಿಟನ್ನಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಕುಡಿತ, ಮಾದಕವಸ್ತು, ಜಗಳ ಎಲ್ಲವೂ ಬಂದವು. 1979ರಲ್ಲಿ ಆಜಿಯನ್ನು ತಂಡದಿಂದ ಹೊರಹಾಕಿದರು. ಕೊನೆಗೆ 2025ರ ಜುಲೈ 5ರಂದು ಅದೇ ಆಸ್ಟನ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ನಾಲ್ವರೂ ಒಟ್ಟಿಗೆ ನುಡಿಸಿದರು. ಪಾರ್ಕಿನ್ಸನ್ ಕಾಯಿಲೆಯ ಆಜಿ ಕುಳಿತೇ ಹಾಡಿದರು. 17 ದಿನಗಳ ನಂತರ ತೀರಿಕೊಂಡರು.

ಈ ಕಥೆ ಕೇಳಿದವರು ‘ಅಪಘಾತವೇ ವರವಾಯಿತು’ ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ನಾನು ಕೆಲಸ ಕಲಿತ ಕಡೆ ಪ್ರೆಸ್‌ನಲ್ಲಿ ಬೆರಳು ಕಳೆದುಕೊಂಡ ಹಿರಿಯರೊಬ್ಬರಿದ್ದರು. ಅವರಿಗೆ ಯಾರೂ ರೆಕಾರ್ಡ್ ತಂದುಕೊಡಲಿಲ್ಲ. ಗೇಟಿನ ಬಳಿ ಕೂರುವ ಕೆಲಸ ಕೊಟ್ಟರು. ಬೆರಳು ಹೋದರೆ ಹೋದಂತೆಯೇ. ಟೋನಿಯನ್ನು ಉಳಿಸಿದ್ದು ಎರಡು: ‘ಇನ್ನೂ ಆಗುತ್ತದೆ’ ಎಂದು ತೋರಿಸಿಕೊಟ್ಟ ಒಬ್ಬ ಮನುಷ್ಯ, ಮತ್ತು ಉಳಿದ ಕೈಗೆ ತಕ್ಕಂತೆ ವಾದ್ಯವನ್ನೇ ಬದಲಿಸಿಕೊಂಡ ಅವನ ಹಟ. ಸಂದರ್ಶನದಿಂದ ಸಂದರ್ಶನಕ್ಕೆ ಅಲೆಯುವ ನಮಗೆ ಎರಡನೆಯದನ್ನು ಎಲ್ಲರೂ ಬೋಧಿಸುತ್ತಾರೆ. ಮೊದಲನೆಯದನ್ನು ನಾವೇ ಒಬ್ಬರಿಗೊಬ್ಬರು ಮಾಡಿಕೊಳ್ಳಬೇಕು.