ಆಪತ್ಕಾಲದ ಬುತ್ತಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲವೆಂಬುದು ಹಿರಿಯರ ಮಾತು. ನೆರೆಗೂ ಈ ಮಾತು ಸಲ್ಲುವುದು. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ ತಾಪಿ ನದಿಯು ಉಕ್ಕಿ ಸೂರತ್ ನಗರದ ಬಹುಭಾಗ ಮುಳುಗಿತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿಯು ವಡೋದರೆಯ ಬೀದಿಗಳಿಗೆ ನುಗ್ಗಿತು. ಅಂಥ ದಿನಗಳಲ್ಲಿ ಅಂಗಡಿ ತೆರೆಯದು, ಒಲೆ ಉರಿಯದು. ದಯಾವಂತರು ಹಂಚುವ ಪೊಟ್ಟಣವೇ ಊಟ.

ಆದರೆ ಆ ಪೊಟ್ಟಣವು ಎಲ್ಲರಿಗೂ ಅನ್ನವಾಗದು. ನಮ್ಮ ತರಗತಿಯ ಬಾಲಕನೊಬ್ಬನಿಗೆ ಶೇಂಗಾ ಒಗ್ಗುವುದಿಲ್ಲ. ಆ ನೆರೆಯ ದಿನಗಳಲ್ಲಿ ಅವನು ವಡೋದರೆಯ ಬಂಧುಗಳ ಮನೆಯಲ್ಲಿದ್ದನು. ಬಂದ ಪೊಟ್ಟಣದಲ್ಲಿದ್ದುದು ಶೇಂಗಾ ಚಿಕ್ಕಿ ಮತ್ತು ಯಾವ ಎಣ್ಣೆಯಲ್ಲಿ ಕರಿದುದೆಂದು ಹೇಳುವವರಿಲ್ಲದ ಗಾಂಠಿಯಾ. ಎರಡು ದಿನ ತಾಯಿಯು ಅವನಿಗೆ ನೆನೆಸಿದ ಅವಲಕ್ಕಿಯನ್ನೇ ಕೊಟ್ಟರಂತೆ.

ಇದು ಮಗುವಿನ ಹಟವಲ್ಲ. ಶೇಂಗಾದಲ್ಲಿರುವ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಕೆಲವರ ದೇಹವು ಶತ್ರುವೆಂದು ಬಗೆದು ಹೋರಾಡುವುದು. ಇದೇ ಅಲರ್ಜಿ. ಆಗ ಮೈಮೇಲೆ ದದ್ದು ಏಳಬಹುದು, ತುಟಿ ಊದಬಹುದು, ಉಸಿರು ಕಟ್ಟಿ ಪ್ರಾಣವೇ ಹೋಗಬಹುದು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ಬಡವರ ಪುಷ್ಟಿಗಾಗಿ ಹಿಂದೆ ಸಿದ್ಧಪಡಿಸಿದ ಬಹೂಪಯೋಗಿ ಆಹಾರದಲ್ಲಿ ಮುಕ್ಕಾಲು ಪಾಲು ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು ಇದ್ದಿತು. ಬಹುಜನರಿಗೆ ಅಮೃತವಾದುದು ಈ ಬಾಲಕನಿಗೆ ವಿಷ.

ಹಾಗಾದರೆ ಇವನ ಬುತ್ತಿಗೆ ಏನು ಕಟ್ಟಬೇಕು? ಉತ್ತರ ಕರ್ನಾಟಕದ ಮನೆಗಳಲ್ಲಿ ನಾಗರಪಂಚಮಿಗೆ ಮಾಡುವ ಅಳ್ಳಿಟ್ಟು ನಮಗೆ ನೆನಪಾಗುತ್ತದೆ. ಜೋಳದ ಅರಳಿನ ಹಿಟ್ಟು ಅದರ ಜೀವಾಳ. ಗುಜರಾತಿನಲ್ಲಿಯೂ ಹೋಳಿಗೆ ಈ ಅರಳನ್ನು ಧಾಣಿ ಎಂದು ಕಡಲೆಯೊಡನೆ ತಿನ್ನುವರು. ಅರಳಿನ ಹಿಟ್ಟಿಗೆ ಸಮತೂಕದ ಹುರಿದ ಕಡಲೆಬೇಳೆಯ ಹಿಟ್ಟು ಬೆರೆಸಿದರೆ 200 ಗ್ರಾಮಿನಲ್ಲಿ ಸುಮಾರು 30 ಗ್ರಾಂ ಸಸಾರಜನಕ ದೊರೆಯುವುದು. 30 ಕಿಲೋ ತೂಕದ ಮಗುವಿಗೆ ಒಂದು ದಿನಕ್ಕೆ ಇಷ್ಟು ಸಸಾರಜನಕ ಸಾಕು. ಬೆಲ್ಲ ಮತ್ತು ಶುದ್ಧವಾದ ನೀರು ಇದ್ದರೆ ಕಲಸಿ ತಿನ್ನಬಹುದು, ಬೆಂಕಿ ಬೇಡ. ಮೂರು ದಿನಕ್ಕೆ ಎರಡೂ ಹಿಟ್ಟು 300 ಗ್ರಾಮಿನಂತೆ ಇರಲಿ. ಹಸಿವೆಗೆ ಅವಲಕ್ಕಿಯೂ ಜೊತೆಗಿರಲಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹುರಿಯುವ ಅಂಗಡಿಗಳಲ್ಲಿ ಶೇಂಗಾ ಹುರಿದ ಮರಳಿನಲ್ಲಿಯೇ ಕಡಲೆಯನ್ನೂ ಹುರಿಯುವುದುಂಟು. ಆದುದರಿಂದ ಹುರಿಯುವುದನ್ನೂ ಪುಡಿ ಮಾಡುವುದನ್ನೂ ಮನೆಯಲ್ಲಿಯೇ, ಶೇಂಗಾ ಸೋಕದ ಪಾತ್ರೆಯಲ್ಲಿ ಮಾಡಬೇಕು. ಕಡಲೆಯೂ ಶೇಂಗಾದಂತೆ ದ್ವಿದಳ ಧಾನ್ಯ. ಕೆಲವರಿಗೆ ಎರಡೂ ಒಗ್ಗವು. ಮಗು ಮೊದಲಿನಿಂದ ನಿರಪಾಯವಾಗಿ ತಿನ್ನುತ್ತಿರುವುದನ್ನೇ, ವೈದ್ಯರನ್ನು ಕೇಳಿ, ಬುತ್ತಿಗೆ ಆರಿಸಬೇಕು. ವೈದ್ಯರು ಬರೆದುಕೊಟ್ಟ ಔಷಧವೂ ಬುತ್ತಿಯ ಜೊತೆಯಲ್ಲಿಯೇ ಇರಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆ ಔಷಧವನ್ನು ಕೊಟ್ಟು 108ಕ್ಕೆ ಕರೆ ಮಾಡಬೇಕು.

ಹಿಟ್ಟನ್ನು ಒಣಗಿದ ಸ್ಟೀಲು ಡಬ್ಬಿಯಲ್ಲಿ ತುಂಬಿ, ನೀರು ಮುಟ್ಟದ ಎತ್ತರದಲ್ಲಿಡಿರಿ. ತಿಂಗಳಿಗೊಮ್ಮೆ ಹಳೆಯದನ್ನು ತಿಂದು ಹೊಸದನ್ನು ತುಂಬಿರಿ. ಡಬ್ಬಿಯ ಮೇಲೆ "ಈ ಮಗುವಿಗೆ ಶೇಂಗಾ ಕೊಡಬಾರದು" ಎಂದು ಕನ್ನಡದಲ್ಲಿಯೂ ಗುಜರಾತಿಯಲ್ಲಿಯೂ ಬರೆದಿರಿ. ನೆರವಿಗೆ ಬರುವವರು ನಮ್ಮ ಭಾಷೆಯನ್ನು ಬಲ್ಲವರಾಗಿರಲಾರರು.

ವಿದ್ಯಾರ್ಥಿಗಳೇ, ಹಂಚಿ ತಿನ್ನಿರೆಂದು ನಿಮಗೆ ಕಲಿಸಿದವರು ನಾವೇ. ಇನ್ನು ಮೇಲೆ ಹಂಚುವ ಮುನ್ನ "ನಿನಗೆ ಇದು ಒಗ್ಗುವುದೇ?" ಎಂದು ಕೇಳಿರಿ.