ಮರಗಸಿಯಲ್ಲಿ ಬಿದ್ದ ಸೀತಾಳೆದಂಡೆಗೆ ಎಂಥ ಕುಂಡ?

ಕಾಫಿ ತೋಟದಲ್ಲಿ ಮರಗಸಿ ನಡೆಯುವಾಗ ಕತ್ತರಿಸಿದ ಕೊಂಬೆಗಳೊಡನೆ ಸೀತಾಳೆದಂಡೆಯ ಗಿಡಗಳೂ ನೆಲಕ್ಕೆ ಬೀಳುತ್ತವೆ. ಬಂದಣಿಕೆಯೆಂದು ತಿಳಿದು ಸೌದೆಯ ರಾಶಿಗೆ ಎಸೆಯುವವರೇ ಹೆಚ್ಚು. ಬಂದಣಿಕೆ ಮರದ ರಸ ಹೀರುತ್ತದೆ. ಆರ್ಕಿಡ್ ಜಾತಿಗೆ ಸೇರಿದ ಈ ಗಿಡ ತೊಗಟೆಯನ್ನು ಹಿಡಿದು ಕೂರುತ್ತದೆ, ಅಷ್ಟೆ. ಮರಕ್ಕೆ ಇದರಿಂದ ಹಾನಿಯಿಲ್ಲ.

ಕೆಲವು ಸದಸ್ಯರು ಇಂಥ ಗಿಡವನ್ನು ಮನೆಗೆ ತಂದು, ಅಕ್ಕರೆಯಿಂದ ಮಣ್ಣು ಗೊಬ್ಬರ ತುಂಬಿದ ಕುಂಡದಲ್ಲಿ ನೆಡುವುದುಂಟು. ನಾವೂ ಮೊದಲು ಹಾಗೆಯೇ ಮಾಡಿದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೇರೆಲ್ಲ ಕಪ್ಪಾಯಿತು. ಬೆರಳಲ್ಲಿ ಹಿಚುಕಿದರೆ ಸಿಪ್ಪೆ ಕಳಚಿ ನಡುವಿನ ನೂಲು ಮಾತ್ರ ಕೈಗೆ ಬಂತು.

ಈ ಬೇರು ಅಡಿಕೆ, ಕಾಫಿಯ ಬೇರಿನಂಥದ್ದಲ್ಲ. ಅದರ ಹೊರಗೆ ಸ್ಪಂಜಿನಂಥ ದಪ್ಪ ಪೊರೆಯಿದೆ. ಮಳೆ ಬಿದ್ದೊಡನೆ ಪೊರೆ ನೀರು ಹೀರಿಕೊಂಡು, ಒಳಗಿನ ಹಸಿರು ಕಾಣುವಂತಾಗುತ್ತದೆ; ಒಣಗಿದಾಗ ಬೆಳ್ಳಿಯಂತೆ ಬಿಳುಪೇರುತ್ತದೆ. ನೆನೆಯುವುದೂ ಬೇಗ, ಆರುವುದೂ ಬೇಗ. ಈ ಎರಡೂ ನಡೆಯುತ್ತಿದ್ದರೆ ಮಾತ್ರ ಬೇರು ಉಸಿರಾಡೀತು. ನೀರು ಹಾಕುವ ಹೊತ್ತು ತಿಳಿಯುವುದಕ್ಕೂ ಬೇರಿನ ಬಣ್ಣವೇ ಸಾಕು: ಹಸಿರಿದ್ದರೆ ಬೇಡ, ಬಿಳುಪಾದರೆ ಹಾಕಬಹುದು.

ಆದ್ದರಿಂದ ಸೀತಾಳೆದಂಡೆಗೆ ಮರದ ಪಟ್ಟಿಗಳ ತೂಗುಬುಟ್ಟಿಯೇ ಮೇಲು. ಹೂಗೊಂಚಲು ಇಳಿಬೀಳುವುದರಿಂದ ನೆಲದ ಮೇಲಿಟ್ಟ ಕುಂಡದಲ್ಲಿ ಅದರ ಅಂದವೂ ಕಾಣದು. ಬುಟ್ಟಿಯಲ್ಲಿ ನಾಲ್ಕಾರು ಇದ್ದಿಲಿನ ತುಂಡು, ಒಡೆದ ಹಳೆಯ ಹಂಚಿನ ಚೂರು ಹಾಕಿದರೆ ಸಾಕು. ಚೂರುಗಳು ಒಂದಂಗುಲದಷ್ಟಿರಲಿ, ಪುಡಿಯನ್ನು ಜರಡಿಯಾಡಿಸಿ ತೆಗೆಯಬೇಕು, ಇಲ್ಲವಾದರೆ ಅದೇ ಕೆಸರಾಗಿ ಸಂದು ಮುಚ್ಚುತ್ತದೆ. ಬುಟ್ಟಿ ಸಿಗದಿದ್ದರೆ ಸುತ್ತಲೂ ತೂತುಗಳಿರುವ ಮಣ್ಣಿನ ಕುಂಡ ಆದೀತು. ಪ್ಲಾಸ್ಟಿಕ್ ಕುಂಡದಲ್ಲಿ ತೇವ ಬಹಳ ಹೊತ್ತು ನಿಲ್ಲುತ್ತದೆ. ಬಯಲುಸೀಮೆಯ ಬೇಸಗೆಗೆ ಅದು ಅನುಕೂಲವೇ ಇರಬಹುದು, ನಮ್ಮ ಆಷಾಢದ ಮಳೆಗೆ ಖಂಡಿತ ಅಲ್ಲ. ಗಿಡ ಬೆಳೆಯಲೆಂದು ದೊಡ್ಡ ಕುಂಡ ಕೊಡುವುದೂ ತಪ್ಪು. ಬೇರು ತಲಪದ ಕಡೆ ತೇವ ಉಳಿದು ಕೊಳೆ ಅಲ್ಲಿಂದಲೇ ಶುರುವಾಗುತ್ತದೆ.

ತೆಂಗಿನ ಸಿಪ್ಪೆಯ ತುಂಡುಗಳನ್ನು ಬಳಸುವವರು ಅವನ್ನು ಕೆಲವು ದಿನ ನೆನೆಹಾಕಿ, ನೀರು ಬದಲಿಸುತ್ತ ಉಪ್ಪಿನಂಶ ಕಳೆಯಬೇಕು. ಅದೂ ಕಾಲಕ್ರಮೇಣ ಕರಗಿ ಹಿಟ್ಟಾಗುತ್ತದೆ, ಆಗ ಬದಲಿಸಲೇಬೇಕು. ಮನೆಯಲ್ಲಿ ರಾಶಿ ಬಿದ್ದಿರುವ ಅಡಿಕೆ ಸಿಪ್ಪೆ ಆಗದೇ ಎಂದು ಕೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ, ಮಳೆಗೆ ಅದು ಮೆತ್ತಗಾಗಿ ಒತ್ತೊತ್ತಾಗಿ ಕೂರುತ್ತದೆ. ತೋಟಕ್ಕೇ ಹೋಗಲಿ.

ನೆಡುವ ಮೊದಲು ಬೇರನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಬಳುಕುತ್ತದೆ, ಮುರಿಯುವುದಿಲ್ಲ. ಕೊಳೆತ ಬೇರನ್ನು ಚೊಕ್ಕ ಕತ್ತರಿಯಿಂದ ತೆಗೆದು, ಗಿಡವನ್ನು ಅಲುಗದಂತೆ ಬಾಳೆನಾರಿನಲ್ಲಿ ಕಟ್ಟಬೇಕು. ಅಲುಗುವ ಗಿಡದ ಎಳೆಯ ಬೇರಿನ ತುದಿ ಉಜ್ಜಿಹೋಗುತ್ತದೆ.

ಪೇಟೆಯಲ್ಲಿ ಕೊಳ್ಳುವ ಫೆಲನಾಪ್ಸಿಸ್ ಗಿಡದ ಬೇರಿಗೆ ಪಾಚಿ ಬಿಗಿಯಾಗಿ ತುರುಕಿರುವುದುಂಟು. ಹೂ ಮುಗಿದ ಮೇಲೆ ಅದನ್ನು ಬಿಡಿಸುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಕುಲದ ರೋಗಾಣುಗಳೇ ಆರ್ಕಿಡ್‌ಗೂ ಕಪ್ಪುಕೊಳೆ ತರುತ್ತವೆ. ಹಾಗೆಂದು ಬೋರ್ಡೋ ದ್ರಾವಣವನ್ನು ಇದಕ್ಕೂ ಹೊಡೆಯಬಾರದು. ಡೆಂಡ್ರೋಬಿಯಂ ಮೊದಲಾದ ಕೆಲವಕ್ಕೆ ತಾಮ್ರ ಒಗ್ಗುವುದಿಲ್ಲ. ತೋಟಕ್ಕೆ ಔಷಧಿ ಹೊಡೆಯುವ ದಿನ ಬುಟ್ಟಿಗಳನ್ನು ಜಗಲಿಯೊಳಗೆ ತೂಗುಹಾಕಿ.

ಕಾಡಿನ ಮರದಿಂದ ಗಿಡ ಕೀಳುವುದು ಬೇಡ. ಬಿದ್ದದ್ದೇ ಸಾಕಷ್ಟಿದೆ. ಮನೆಯಲ್ಲಿ ಜಾಗವಿಲ್ಲದವರು ಅದೇ ತೋಟದ ಒರಟು ತೊಗಟೆಯ ಇನ್ನೊಂದು ನೆರಳುಮರಕ್ಕೆ, ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲಿ ಕಟ್ಟಿಬಿಟ್ಟರೂ ಗಿಡ ಹಿಡಿದುಕೊಳ್ಳುತ್ತದೆ.